ಡಾ| ರೋಜೆಯವರ ಪದಭಂಡಾರ

ಒಬ್ಬನಿಗೆ ಇಂಗ್ಲಿಷ್ ಎಷ್ಟು ಬರುತ್ತದೆಂದು ನೋಡಬೇಕಾದರೆ ಪದವೊಂದನ್ನು ಕೊಟ್ಟು ಅದರ ಸಮಾನಾರ್ಥಕವನ್ನೋ ವಿರುದ್ಧಾರ್ಥಕವನ್ನೋ ಕೇಳುವುದು ಬಹುಕಾಲದ ವಾಡಿಕೆ. ಶಾಲೆಯ ಕ್ಲಾಸ್ ಟೆಸ್ಟಿನಿಂದ ಹಿಡಿದು ಪಿ.ಎಸ್.ಸಿ., ಬ್ಯಾಂಕು ಪರೀಕ್ಷೆಗಳ ತನಕ ಈ ಪ್ರಶ್ನೆ ಎದುರಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಕಲಿತ ನಮ್ಮ ಮಕ್ಕಳು ಗೈಡುಗಳಲ್ಲಿ ಅಚ್ಚಾದ ಜೋಡಿಪದಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿ ಈ ಹೊಳೆಯನ್ನು ದಾಟಲು ಯತ್ನಿಸುತ್ತಾರೆ. ದಾಟಿದವರೂ ಇದ್ದಾರೆ, ನಡುನೀರಿನಲ್ಲಿ ಸಿಕ್ಕಿಬಿದ್ದವರೂ ಇದ್ದಾರೆ. ಇಂಗ್ಲಿಷ್ ಪದಗಳನ್ನು ಅರ್ಥದ ಬಳಗಗಳಾಗಿ ಕೂಡಿಸಿ, ಒಂದು ಬಳಗದ ಎದುರಿಗೆ ಇನ್ನೊಂದನ್ನು ನಿಲ್ಲಿಸಿದ ಮಹನೀಯರ ಹೆಸರು ಡಾ| ಪೀಟರ್ ಮಾರ್ಕ್ ರೋಜೆ. ವೃತ್ತಿಯಿಂದ ಅವರು ವೈದ್ಯರು. ಅವರು ಮಾಡಿದ ಕೆಲಸಕ್ಕೂ ನಮ್ಮ ಗೈಡುಗಳು ಮಾಡುತ್ತಿರುವ ಕೆಲಸಕ್ಕೂ ಅಜಗಜಾಂತರವಿದೆ. ಅವರ ಜೀವನವನ್ನು ಓದುಗರ ಮುಂದಿಡಲು ನಾವು ಹೊರಟಿರುವುದು ಈ ಕಾರಣಕ್ಕಾಗಿ.

ಹೆಸರಿನ ಕೊನೆಗೆ ಇಂಗ್ಲಿಷಿನ ಟಿ ಅಕ್ಷರವಿದ್ದರೂ ಅದಕ್ಕೆ ಉಚ್ಚಾರವಿಲ್ಲ. ಮನೆತನ ಫ್ರೆಂಚ್ ಮಾತಾಡುವ ಜಿನೀವದ್ದು. ತಂದೆ ಜಾನ್ ರೋಜೆ ಜಿನೀವದಿಂದ ಬಂದು ಲಂಡನ್ನಿನಲ್ಲಿ ಫ್ರೆಂಚ್ ಪ್ರೊಟೆಸ್ಟಂಟರ ಚರ್ಚಿನಲ್ಲಿ ಪಾದ್ರಿಯಾಗಿದ್ದರು. 1779ರ ಜನವರಿ 18ರಂದು ಲಂಡನ್ನಿನಲ್ಲಿ ಮಗ ಹುಟ್ಟಿದ. ಆತನಿಗೆ ನಾಲ್ಕು ವರ್ಷ ತುಂಬಿದ ಅದೇ 1783ರಲ್ಲಿ ತಂದೆ ಕ್ಷಯರೋಗಕ್ಕೆ ತುತ್ತಾದರು. ತಾಯಿ ಕ್ಯಾಥರಿನ್ ಮಗನನ್ನೂ ಕೈಗೂಸು ಮಗಳನ್ನೂ ಕಟ್ಟಿಕೊಂಡು ಊರಿಂದೂರಿಗೆ ಮನೆ ಬದಲಾಯಿಸುತ್ತ ಹೋದರು. ಆ ಮನೆಯಲ್ಲಿ ಮನೋವ್ಯಾಕುಲತೆಯ ಕಾಯಿಲೆ ತಲೆಮಾರಿನಿಂದ ತಲೆಮಾರಿಗೆ ಇಳಿದುಬಂದಿತ್ತು. ಹುಡುಗ ಎಂಟು ವರ್ಷದವನಿದ್ದಾಗಲೇ ನೋಟುಪುಸ್ತಕವೊಂದರಲ್ಲಿ ಲ್ಯಾಟಿನ್ ಪದಗಳನ್ನೂ ಅವುಗಳ ಇಂಗ್ಲಿಷ್ ಅರ್ಥವನ್ನೂ ಬರೆದು, ಪ್ರಾಣಿಗಳು ಒಂದು ಕಡೆ, ದೇಹದ ಅಂಗಗಳು ಒಂದು ಕಡೆ ಎಂದು ವಿಂಗಡಿಸತೊಡಗಿದ್ದ. ಸುತ್ತಲಿನ ಬದುಕು ಅಸ್ತವ್ಯಸ್ತವಾಗಿದ್ದುದರಿಂದ ಮಗು ಪಟ್ಟಿಗಳಲ್ಲಿ ನೆಮ್ಮದಿ ಹುಡುಕಿತೆಂದು ಜೀವನಚರಿತ್ರೆ ಬರೆದವರು ಅಭಿಪ್ರಾಯಪಟ್ಟಿದ್ದಾರೆ. ಇದನ್ನು ಒಪ್ಪಲು ನಮಗೇನೂ ಅಡ್ಡಿಯಿಲ್ಲ.

ತಂದೆಯ ಸ್ಥಾನದಲ್ಲಿ ನಿಂತವರು ಸೋದರಮಾವ ಸ್ಯಾಮ್ಯುಯೆಲ್ ರೋಮಿಲಿ. ಇವರು ಸಾಮಾನ್ಯರಲ್ಲ. ಜೇಬುಗಳ್ಳತನಕ್ಕೂ ಮರಣದಂಡನೆ ವಿಧಿಸುತ್ತಿದ್ದ ಕಾನೂನನ್ನು 1808ರಲ್ಲಿ ಪಾರ್ಲಿಮೆಂಟಿನ ಮೂಲಕ ತೆಗೆಸಿಹಾಕಿದ ನ್ಯಾಯವಾದಿ.

1793ರಲ್ಲಿ ತಾಯಿ ಎಡಿನ್‌ಬರೋ ಪಟ್ಟಣಕ್ಕೆ ಮನೆ ಬದಲಾಯಿಸಿದಾಗ ಹುಡುಗ ಹದಿನಾಲ್ಕನೆಯ ವಯಸ್ಸಿನಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯವನ್ನು ಸೇರಿದ. 1798ರಲ್ಲಿ ಎಂ.ಡಿ. ಪದವಿ ಬಂದಾಗ ಹತ್ತೊಂಬತ್ತು ವರ್ಷ. ಅಷ್ಟು ಎಳೆಯ ಡಾಕ್ಟರನ ಕೈಗೆ ನಾಡಿ ಕೊಡುವವರು ಯಾರು? ಹಾಗಾಗಿ ಕೆಲವು ವರ್ಷ ಅಲ್ಲಿ ಇಲ್ಲಿ ಕಳೆದವು. ಬ್ರಿಸ್ಟಲ್ ಪಟ್ಟಣದಲ್ಲಿ ಡಾ| ಬೆಡೋಸ್ ಎಂಬವರು ಅನಿಲಗಳಿಂದ ರೋಗ ಗುಣಪಡಿಸಬಹುದೇ ಎಂದು ಪ್ರಯೋಗ ನಡೆಸುತ್ತಿದ್ದರು. ಮುಂದೆ ಪ್ರಸಿದ್ಧರಾದ ಹಂಫ್ರಿ ಡೇವಿ ಅಲ್ಲಿಯೇ ಇದ್ದರು. ನಗೆಗಾಳಿ ಎಂದು ಹೆಸರಾದ ನೈಟ್ರಸ್ ಆಕ್ಸೈಡನ್ನು ಸೇವಿಸಿ ಮಿಕ್ಕವರು ಹಿಗ್ಗುತ್ತಿದ್ದರೆ, ರೋಜೆಯವರಿಗೆ ಅದರಿಂದ ಯಾವ ಸುಖವೂ ಕಾಣಲಿಲ್ಲ. ಅದನ್ನು ಹಾಗೆಯೇ ಬರೆದುಕೊಟ್ಟರು.

1802ರಲ್ಲಿ ಮ್ಯಾಂಚೆಸ್ಟರಿನ ಹತ್ತಿ ಗಿರಣಿಯ ಧನಿಕರೊಬ್ಬರ ಇಬ್ಬರು ಮಕ್ಕಳಿಗೆ ಉಪಾಧ್ಯಾಯರಾಗಿ ಯುರೋಪಿನ ಪ್ರವಾಸಕ್ಕೆ ಹೊರಟರು. ಮರುವರ್ಷ ಜಿನೀವದಲ್ಲಿದ್ದಾಗ ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ ಹೊತ್ತಿಕೊಂಡಿತು. ಜಿನೀವ ಆಗ ಫ್ರಾನ್ಸಿನ ವಶದಲ್ಲಿತ್ತು. ಫ್ರೆಂಚ್ ಆಳ್ವಿಕೆಯಲ್ಲಿರುವ ಪ್ರಾಯಕ್ಕೆ ಬಂದ ಇಂಗ್ಲಿಷ್ ಗಂಡಸರನ್ನೆಲ್ಲ ಸೆರೆಯಲ್ಲಿಡಬೇಕೆಂದು ನೆಪೋಲಿಯನ್ನನ ಅಪ್ಪಣೆಯಾಯಿತು. ಪರರ ಮಕ್ಕಳ ಜವಾಬ್ದಾರಿ ಹೆಗಲ ಮೇಲಿದ್ದ ಇಪ್ಪತ್ತನಾಲ್ಕರ ಉಪಾಧ್ಯಾಯರ ಸ್ಥಿತಿಯನ್ನು ಓದುಗರು ಊಹಿಸಿಕೊಳ್ಳಬೇಕು. ತಮ್ಮ ತಂದೆ ಜಿನೀವದವರು, ಆದುದರಿಂದ ತಾವೂ ಆ ಊರಿನ ಪ್ರಜೆಯೇ ಎಂದು ದಾಖಲೆ ತೋರಿಸಿ ಅವರು ಪಾರಾಗಿ ಜರ್ಮನಿಯ ದಾರಿ ಹಿಡಿದರು. ಅವರ ಗೆಳೆಯ ಲೊವೆಲ್ ಎಡ್ಜ್‌ವರ್ತ್ ಅವರಿಗೆ ಈ ಭಾಗ್ಯವಿರಲಿಲ್ಲ. ಅವರಿಗೆ ಬಿಡುಗಡೆಯಾದುದು 1814ರಲ್ಲಿ. ಒಂದೇ ಮನುಷ್ಯ ಒಂದು ಮಗ್ಗುಲಿನಿಂದ ಇಂಗ್ಲಿಷಿನವನು, ಇನ್ನೊಂದು ಮಗ್ಗುಲಿನಿಂದ ಜಿನೀವದವನು! ಗಡಿನಾಡಿನವರಾದ ನಮಗೆ ಇದು ಬಿಡಿಸಿ ಹೇಳಬೇಕಾದ ವಿಷಯವಲ್ಲ.

ಊರಿಗೆ ಮರಳಿ 1804ರಲ್ಲಿ ಮ್ಯಾಂಚೆಸ್ಟರಿನ ಆಸ್ಪತ್ರೆಯಲ್ಲಿ ವೈದ್ಯರಾದರು. ಉಪನ್ಯಾಸ ಕೊಡುವ ಕೆಲಸವೂ ಸೇರಿತು. ಬರೆಯಲು ಕುಳಿತಾಗ ತಕ್ಕ ಪದ ನಾಲಿಗೆಯ ತುದಿಯಲ್ಲಿದ್ದೂ ಹೊರಗೆ ಬಾರದ ಸಂಕಟ ನಮಗೆಲ್ಲ ಗೊತ್ತು. ಆ ಸಂಕಟಕ್ಕೆ ಅವರು ಕಂಡುಕೊಂಡ ಮದ್ದು ಪಟ್ಟಿ. 1805ರಲ್ಲಿ ಸುಮಾರು 15,000 ಪದಗಳನ್ನು ಅರ್ಥಾನುಸಾರ ವಿಂಗಡಿಸಿ ನೋಟುಪುಸ್ತಕವೊಂದನ್ನು ಸಿದ್ಧಪಡಿಸಿದರು. ಅದು ಸ್ವಂತ ಉಪಯೋಗಕ್ಕೆ ಮಾತ್ರ. ಹೆಚ್ಚುಕಡಿಮೆ ಅರ್ಧ ಶತಮಾನ ಅದು ಅವರ ಮೇಜಿನ ಬಳಿಯೇ ಉಳಿಯಿತು.

ಈ ಅರ್ಧ ಶತಮಾನದಲ್ಲಿ ಅವರು ಕೈಹಾಕದ ವಿದ್ಯೆಯಿಲ್ಲ. ವರ್ಗಮೂಲ, ಘಾತಗಳ ಲೆಕ್ಕವನ್ನೂ ಮಾಡಬಲ್ಲ ಹೊಸ ಬಗೆಯ ಸ್ಲೈಡ್ ರೂಲನ್ನು ಕಂಡುಹಿಡಿದು 1815ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು. ಕಿಟಕಿಯ ಪಟ್ಟಿಗಳ ಸಂದಿನಿಂದ ಕಂಡ ಗಾಡಿಚಕ್ರದ ಅರಗಳು ಬಾಗಿದಂತೆ ತೋರುವುದೇಕೆಂದು 1824ರಲ್ಲಿ ಪ್ರಬಂಧ ಮಂಡಿಸಿದರು. ಚಲನಚಿತ್ರದ ಪೂರ್ವೇತಿಹಾಸ ಬರೆಯುವವರು ಈ ಪ್ರಬಂಧವನ್ನು ಹೆಸರಿಸದೆ ಮುಂದೆ ಹೋಗುವುದಿಲ್ಲ. ಲಂಡನ್ನಿನ ಕುಡಿಯುವ ನೀರನ್ನು ಪರೀಕ್ಷಿಸಿ 1828ರಲ್ಲಿ ವರದಿ ಕೊಟ್ಟ ಮೂವರಲ್ಲಿ ಇವರೊಬ್ಬರು. ಪ್ರಾಣಿ ಮತ್ತು ಸಸ್ಯಗಳ ಶರೀರಶಾಸ್ತ್ರದ ಮೇಲೆ 1834ರಲ್ಲಿ ಎರಡು ಸಂಪುಟ ಬರೆದರು. ಚದುರಂಗದ ಕುದುರೆಯ ಸಮಸ್ಯೆಯನ್ನೂ ಬಿಡಿಸಿದರು. 1827ರಿಂದ ಇಪ್ಪತ್ತೊಂದು ವರ್ಷ ರಾಯಲ್ ಸೊಸೈಟಿಯ ಕಾರ್ಯದರ್ಶಿಯಾಗಿದ್ದು, ಕೊನೆಯ ವರ್ಷಗಳಲ್ಲಿ ಟೀಕೆಗೂ ಗುರಿಯಾಗಿ, 1848ರಲ್ಲಿ ಆ ಸ್ಥಾನದಿಂದ ಇಳಿದರು.

ಮನೆಯೊಳಗಿನ ಕಥೆ ಬೇರೆ. 1818ರಲ್ಲಿ ಸೋದರಮಾವ ರೋಮಿಲಿಯವರು ಪತ್ನಿ ತೀರಿಕೊಂಡ ಕೆಲವೇ ದಿನಗಳಲ್ಲಿ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಆರೈಕೆಯಲ್ಲಿದ್ದ ವೈದ್ಯರು ಸ್ವಂತ ಸೋದರಳಿಯ, ಆದರೂ ಉಳಿಸಿಕೊಳ್ಳಲಾಗಲಿಲ್ಲ. ರೋಜೆಯವರು ವಿವಾಹವಾದುದು ನಲವತ್ತೈದನೆಯ ವಯಸ್ಸಿನಲ್ಲಿ, 1824ರಲ್ಲಿ. ಪತ್ನಿ ಮೇರಿ ಎರಡು ಮಕ್ಕಳನ್ನು ಬಿಟ್ಟು 1833ರಲ್ಲಿ ಅರ್ಬುದರೋಗದಿಂದ ಮೃತರಾದರು. ಅವರು ಮತ್ತೆ ಮದುವೆಯಾಗಲಿಲ್ಲ.

ಕಾರ್ಯದರ್ಶಿಯ ಕೆಲಸ ಬಿಟ್ಟಾಗ ವಯಸ್ಸು ಎಪ್ಪತ್ತರ ಹತ್ತಿರ. ಆಗ ಹಳೆಯ ನೋಟುಪುಸ್ತಕವನ್ನು ಮತ್ತೆ ಕೈಗೆತ್ತಿಕೊಂಡರು. ಕೆಲವು ವರ್ಷಗಳ ದುಡಿಮೆಯ ಫಲವಾಗಿ 1852ರಲ್ಲಿ ಲಾಂಗ್‌ಮನ್ ಪ್ರಕಾಶಕರು ಅವರ ಗ್ರಂಥವನ್ನು ಹೊರತಂದರು. ಥಿಸಾರಸ್ ಎಂಬುದು ಅದರ ಹೆಸರು. ಗ್ರೀಕ್ ಮೂಲದ ಆ ಶಬ್ದಕ್ಕೆ ಭಂಡಾರವೆಂದು ಅರ್ಥ. ಲೇಖಕರಿಗೆ ಆಗ ಎಪ್ಪತ್ತಮೂರು.

ನಿಘಂಟಿನಲ್ಲಿ ಪದ ಗೊತ್ತಿದ್ದವನು ಅರ್ಥವನ್ನು ಹುಡುಕುತ್ತಾನೆ. ರೋಜೆಯವರ ಪುಸ್ತಕದಲ್ಲಿ ಅರ್ಥ ಗೊತ್ತಿದ್ದವನು ಪದವನ್ನು ಹುಡುಕುತ್ತಾನೆ. ಜೀವಿಗಳನ್ನು ವರ್ಗ, ಜಾತಿ ಎಂದು ವಿಂಗಡಿಸುವ ವಿಜ್ಞಾನಿಯಂತೆ ಅವರು ಭಾವನೆಗಳನ್ನು ಆರು ವರ್ಗಗಳಾಗಿ ಮಾಡಿದರು: ಅಮೂರ್ತ ಸಂಬಂಧಗಳು, ದೇಶ ಅಥವಾ ಅವಕಾಶ, ದ್ರವ್ಯ, ಬುದ್ಧಿ, ಇಚ್ಛೆ, ರಾಗದ್ವೇಷಾದಿ ಹೃದಯಭಾವಗಳು. ಇವುಗಳ ಒಳಗೆ ಒಂದು ಸಾವಿರ ಶೀರ್ಷಿಕೆಗಳು. ಮೊದಲನೆಯದು ಇರವು, ಎರಡನೆಯದು ಇಲ್ಲದಿರವು. ಹೀಗೆ ಪ್ರತಿಪಕ್ಷಗಳನ್ನು ಪುಟದ ಎಡಬಲಗಳಲ್ಲಿ ಎದುರುಬದುರಾಗಿ ಅಚ್ಚು ಹಾಕಿಸಿದರು. ಪದಗಳ ಅರ್ಥವನ್ನಾಗಲಿ ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸವನ್ನಾಗಲಿ ಅವರು ಎಲ್ಲಿಯೂ ವಿವರಿಸಲಿಲ್ಲ. ಓದುಗನಿಗೆ ಪದಗಳು ಮೊದಲೇ ಗೊತ್ತಿವೆ, ನೆನಪಾಗಬೇಕಷ್ಟೆ ಎಂಬುದು ಅವರ ಎಣಿಕೆ. ನಮ್ಮ ವಿದ್ಯಾರ್ಥಿಗಳು ಇದನ್ನು ಮನಸ್ಸಿನಲ್ಲಿಡಬೇಕು. ಒಂದೇ ಬಳಗದಲ್ಲಿರುವ ಪದಗಳು ನೆಂಟರೇ ಹೊರತು ಒಬ್ಬರ ಬದಲಿಗೆ ಇನ್ನೊಬ್ಬರು ಕುಳಿತುಕೊಳ್ಳಬಹುದಾದವರಲ್ಲ. ಅನ್ನ ಬೆಂದಿತು ಎನ್ನುತ್ತೇವೆ, ಹಣ್ಣು ಮಾಗಿತು ಎನ್ನುತ್ತೇವೆ. ಎರಡೂ ಪಕ್ವವಾಗುವುದೇ ಆದರೂ ಅನ್ನ ಮಾಗಿತೆಂದರೆ ಮಕ್ಕಳೇ ನಗುತ್ತಾರೆ.

ಪೀಠಿಕೆಯ ಅಡಿಟಿಪ್ಪಣಿಯೊಂದರಲ್ಲಿ ರೋಜೆಯವರು ನಮ್ಮ ಅಮರಕೋಶವನ್ನು ನೆನೆದಿದ್ದಾರೆ. ಕೋಲ್‌ಬ್ರೂಕ್ ಎಂಬವರು ಮಾಡಿದ ಅದರ ಇಂಗ್ಲಿಷ್ ಅನುವಾದ 1808ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾಗಿತ್ತು. ತಮ್ಮ ಯೋಜನೆಗೆ ಹತ್ತಿರವಾದ ಪ್ರಾಚೀನ ಗ್ರಂಥವೆಂದು ಅದನ್ನು ಗುರುತಿಸಿದರೂ, ವಿಂಗಡಣೆ ಮಾತ್ರ ತೀರಾ ಗೊಂದಲಮಯವೆಂದು ಆಕ್ಷೇಪಿಸಿದರು. ಸ್ವರ್ಗ, ದೇವತೆಗಳು, ಅಸುರರು, ಬೆಂಕಿ, ಗಾಳಿ, ವೇಗ ಎಲ್ಲವೂ ಒಂದೇ ವರ್ಗದಲ್ಲಿವೆ ಎಂಬುದು ಅವರ ದೂರು. ದೂರಿನಲ್ಲಿ ಅರ್ಧ ಸತ್ಯವಿದೆ. ಆದರೆ ಅಗ್ನಿಯೂ ವಾಯುವೂ ದೇವತೆಗಳೆಂದು ಬಲ್ಲವನಿಗೆ, ಗಾಳಿಯ ಬೆನ್ನಿಗೆ ವೇಗ ಬಂದರೆ ಅದರಲ್ಲಿ ಗೊಂದಲವೇನು? ಅಮರಸಿಂಹನು ಶ್ಲೋಕ ಕಟ್ಟಿದ್ದು ಬಾಯಿಪಾಠಕ್ಕೆ, ಕಿವಿಗೆ. ರೋಜೆಯವರು ಪುಟ ಕಟ್ಟಿದ್ದು ಕಣ್ಣಿಗೆ. ಇದಲ್ಲದೆ ಒಂದೇ ಶಬ್ದಕ್ಕೆ ಹಲವು ಅರ್ಥಗಳಿರುವುದನ್ನು ಹೇಳಲು ಅಮರನು ನಾನಾರ್ಥವರ್ಗವನ್ನೇ ಪ್ರತ್ಯೇಕ ಇಟ್ಟಿದ್ದಾನೆ. ನಮ್ಮ ಹಿಂದಿನವರು ಐಗಳ ಮಠದ ಜಗಲಿಯಲ್ಲಿ ಕುಳಿತು ಇದನ್ನೆಲ್ಲ ಕಂಠಸ್ಥ ಮಾಡಿದ್ದರೆಂಬುದನ್ನು ಡಾಕ್ಟರರು ಅರಿತಿರಲಾರರು.

ವಿರುದ್ಧಪದಗಳ ಕುರಿತು ರೋಜೆಯವರು ಬರೆದುದು ಮಾತ್ರ ನಮ್ಮ ಪ್ರಶ್ನೆಪತ್ರಿಕೆ ತಯಾರಿಸುವವರೆಲ್ಲ ಓದಬೇಕಾದ ಮಾತು. ಒಂದು ಪದಕ್ಕೆ ಒಂದೇ ಪ್ರತಿಪದ ಎಂಬ ನಿಯಮವಿಲ್ಲ. ಯಾವ ಸಂಬಂಧದಲ್ಲಿ ನೋಡುತ್ತೇವೆಯೋ ಅದಕ್ಕೆ ತಕ್ಕಂತೆ ಪ್ರತಿಪದ ಬದಲಾಗುತ್ತದೆಂದು ಅವರು ಉದಾಹರಣೆ ಸಹಿತ ತೋರಿಸಿಕೊಟ್ಟರು. ಓಲ್ಡ್ ಎಂಬುದು ವಸ್ತುವಿನ ವಿಷಯವಾದರೆ ಎದುರಿಗೆ ನ್ಯೂ, ಜೀವಿಯ ವಿಷಯವಾದರೆ ಯಂಗ್. ಕೊಡುವುದಕ್ಕೆ ಎದುರು ಪಡೆಯುವುದೂ ಆಗಬಹುದು, ಕಿತ್ತುಕೊಳ್ಳುವುದೂ ಆಗಬಹುದು. ತತ್ತ್ವದ ಸತ್ಯಕ್ಕೆ ಎದುರು ತಪ್ಪು ತಿಳಿವಳಿಕೆ; ಆಡಿದ ಸತ್ಯಕ್ಕೆ ಎದುರು ಸುಳ್ಳು. ಇನ್ನು ಕೆಲವೆಡೆ ಎರಡು ತುದಿಗಳ ನಡುವೆ ಮೂರನೆಯದೂ ಇದೆ: ಆದಿ, ಮಧ್ಯ, ಅಂತ್ಯ. ಅಂಥಲ್ಲಿ ಅವರು ನಡುವಣದಕ್ಕೂ ಸ್ಥಾನ ಕೊಟ್ಟರು.

ಗೈಡಿನಲ್ಲಿ ಓಲ್ಡ್ ಎದುರಿಗೆ ನ್ಯೂ ಎಂದು ಮಾತ್ರ ಅಚ್ಚಾಗಿರುತ್ತದೆ. ಅಜ್ಜನನ್ನು ನೆನೆದು ಯಂಗ್ ಎಂದು ಬರೆದ ಮಗುವಿಗೆ ಕೆಂಪು ಶಾಯಿಯ ಗೀಟು ಬೀಳುತ್ತದೆ. ಆ ಮಗುವಿನ ಕನ್ನಡದಲ್ಲಿ ಹಳೆಯ ಮನೆ ಬೇರೆ, ಮುದುಕ ಅಜ್ಜ ಬೇರೆ. ಅದು ಸರಿಯಾಗಿಯೇ ಯೋಚಿಸಿತ್ತು. ಹಸಿ ಅಡಿಕೆಗೆ ಎದುರು ಒಣ ಅಡಿಕೆ, ಹಸಿ ತರಕಾರಿಗೆ ಎದುರು ಬೆಂದ ತರಕಾರಿ ಎಂದು ನಮ್ಮ ತೋಟದ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಕನ್ನಡದಲ್ಲಿ ಅವಸರವೆಂದರೆ ಆತುರ, ಮಲಯಾಳದಲ್ಲಿ ಅವಸರಂ ಎಂದರೆ ಅವಕಾಶ. ಒಂದಕ್ಕೆ ನಿಧಾನ ಎದುರಾದರೆ ಇನ್ನೊಂದಕ್ಕೆ ಅದು ಹೊಂದುವುದೇ ಇಲ್ಲವೆಂಬುದು ಬಸ್ಸಿಗೆ ಕಾಯುವ ಹುಡುಗನಿಗೂ ಗೊತ್ತು. ಇಷ್ಟು ಬಲ್ಲ ಮಕ್ಕಳನ್ನು ವಾಕ್ಯವಿಲ್ಲದ ಬರಿಯ ಪದ ಕೊಟ್ಟು ಅಳೆಯುವುದು ನ್ಯಾಯವಲ್ಲ. ಪ್ರಶ್ನೆಯನ್ನು ಒಂದು ಪುಟ್ಟ ವಾಕ್ಯದೊಳಗಿಟ್ಟು ಕೇಳಿದರೆ ಪತ್ರಿಕೆಗೆ ಎರಡು ಸಾಲು ಹೆಚ್ಚಾದೀತು, ಅಷ್ಟೆ.

ಗ್ರಂಥದ ಮೊದಲ ಮುದ್ರಣ ಸಾವಿರ ಪ್ರತಿ. ರೋಜೆಯವರ ಜೀವಿತಕಾಲದಲ್ಲಿಯೇ 28 ಮುದ್ರಣಗಳಾದವು. 1869ರ ಸೆಪ್ಟೆಂಬರ್ 12ರಂದು ಪಶ್ಚಿಮ ಮಾಲ್ವರ್ನ್ ಎಂಬಲ್ಲಿ ತೊಂಬತ್ತನೆಯ ವಯಸ್ಸಿನಲ್ಲಿ ಅವರು ನಿಧನರಾದಾಗ ಮುಂದಿನ ದೊಡ್ಡ ಆವೃತ್ತಿಗೆ ಬೇಕಾದ ಪದಗಳು ಬಹುಮಟ್ಟಿಗೆ ಸಂಗ್ರಹವಾಗಿದ್ದವು. ಮಗ ಜಾನ್ ಲೂಯಿಸ್ ಅದನ್ನು 1879ರಲ್ಲಿ ಪ್ರಕಟಿಸಿ ಅಕಾರಾದಿ ಸೂಚಿಯನ್ನು ಬಹಳ ಬೆಳೆಸಿದರು. ತಂದೆ ಅಷ್ಟು ಶ್ರಮಪಟ್ಟು ಕಟ್ಟಿದ ಆರು ವರ್ಗಗಳ ಹೆಬ್ಬಾಗಿಲಿನಿಂದ ಪ್ರವೇಶಿಸುವ ಓದುಗರು ವಿರಳ, ಹಿಂಬದಿಯ ಸೂಚಿಯ ಕಿರುಬಾಗಿಲಿನಿಂದ ಬರುವವರೇ ಹೆಚ್ಚು ಎಂಬುದನ್ನು ಅವರು ಅರಿತಿದ್ದರು. ಬಳಿಕ ಮೊಮ್ಮಗ ಸ್ಯಾಮ್ಯುಯೆಲ್ ರೋಮಿಲಿ ರೋಜೆ ಆ ಕೆಲಸ ವಹಿಸಿಕೊಂಡರು. 1920ರ ದಶಕದಲ್ಲಿ ಪತ್ರಿಕೆಗಳ ಪದಬಂಧದ ಹುಚ್ಚು ಹಬ್ಬಿದಾಗ ಪುಸ್ತಕದ ಮಾರಾಟ ಇನ್ನಷ್ಟು ಏರಿತು. 1952ರಲ್ಲಿ, ಗ್ರಂಥಕ್ಕೆ ನೂರು ತುಂಬಿದಾಗ, ಹಕ್ಕುಗಳು ಕುಟುಂಬದ ಕೈಯಿಂದ ಲಾಂಗ್‌ಮನ್ ಪ್ರಕಾಶಕರಿಗೆ ಮಾರಾಟವಾದವು.