ಸಂತ ಜೋಸೆಫ್ ವಾಜ್

ತೆಂಗಿನ ಮರವನ್ನು ಹತ್ತಲು ಕಲಿತವನು ಇಳಿಯಲೂ ಕಲಿತಿರಬೇಕೆಂದು ನಮ್ಮ ಕೊಬ್ಬರಿ ಸೀಮೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ವಿದ್ಯೆಯ ವಿಷಯದಲ್ಲಿ ಮಾತ್ರ ನಾವು ಹತ್ತುವುದನ್ನಷ್ಟೇ ಕೊಂಡಾಡುತ್ತೇವೆ. ಎತ್ತರದ ವಿದ್ಯೆಯನ್ನು ಪಡೆದೂ ಬಡವರ ನಡುವೆ ಇಳಿದುಬಂದ ಮಹನೀಯರೊಬ್ಬರ ಜೀವನವನ್ನು ಇಲ್ಲಿ ಸಂಗ್ರಹವಾಗಿ ಹೇಳಬಯಸುತ್ತೇನೆ.

ಜೋಸೆಫ್ ವಾಜ್ ಅವರು 1651ನೆಯ ಇಸವಿ ಏಪ್ರಿಲ್ 21ರಂದು ಗೋವೆಯ ಬಾಣಾವಲಿಯಲ್ಲಿ ಜನಿಸಿದರು. ಮನೆಯ ಮಾತು ಕೊಂಕಣಿ. ಆಳುವವರ ಮಾತು ಪೋರ್ಚುಗೀಸ್. ಬಾಲಕನು ತಂದೆಯ ಊರಾದ ಸಾಂಕ್ವಾಳದಲ್ಲಿ ಪೋರ್ಚುಗೀಸನ್ನೂ, ಬಾಣಾವಲಿಯಲ್ಲಿ ಲ್ಯಾಟಿನನ್ನೂ ಕಲಿತನು. ಬಳಿಕ ಗೋವಾ ನಗರಕ್ಕೆ ಹೋಗಿ, ಜೆಸುಯಿಟರ ಸೇಂಟ್ ಪಾಲ್ ಕಾಲೇಜಿನಲ್ಲಿ ಸಾಹಿತ್ಯವನ್ನೂ, ಡೊಮಿನಿಕನ್ ಪಾದ್ರಿಗಳ ವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಮತ್ತು ದೈವಶಾಸ್ತ್ರಗಳನ್ನೂ ಅಭ್ಯಾಸಮಾಡಿ, 1676ರಲ್ಲಿ ಪಾದ್ರಿಯಾದರು. ಸಾಂಕ್ವಾಳದಲ್ಲಿ ಲ್ಯಾಟಿನ್ ಶಾಲೆಯೊಂದನ್ನು ತೆರೆದರು.

1681ರಲ್ಲಿ ಅವರನ್ನು ಕೆನರಾ ಸೀಮೆಗೆ ಕಳುಹಿಸಲಾಯಿತು. ಆಗ ಅಲ್ಲಿ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಿತ್ತು. ಪೋರ್ಚುಗಲ್ ದೊರೆಯ ಹಕ್ಕಿಗೂ ರೋಮಿನಿಂದ ನೇಮಕವಾದ ಬಿಷಪರ ಅಧಿಕಾರಕ್ಕೂ ತಿಕ್ಕಾಟವಿದ್ದ ಆ ದಿನಗಳಲ್ಲಿ, ವಾಜ್ ಅವರು ಜಗಳಕ್ಕಿಂತ ಜನಸೇವೆಯೇ ಹಿರಿದೆಂದು ಬಗೆದು, ಮಂಗಳೂರು, ಕಲ್ಯಾಣಪುರ, ಬಸ್ರೂರು ಮುಂತಾದೆಡೆ ಸಂಚರಿಸಿದರು. ಮಂಗಳೂರಿನ ಸಮೀಪದ ಮುಡಿಪುವಿನಲ್ಲಿ ಇಂದಿಗೂ ಅವರ ಹೆಸರಿನ ಯಾತ್ರಾಸ್ಥಳವಿದೆ. 1684ರಲ್ಲಿ ಗೋವೆಗೆ ಮರಳಿದರು.

ಸಿಂಹಳದಲ್ಲಿ ಡಚ್ಚರು ಕ್ಯಾಥೊಲಿಕ್ ಪಾದ್ರಿಗಳನ್ನು ನಿಷೇಧಿಸಿದ್ದರು. ವಾಜ್ ಅವರು ಕೂಲಿಯವನ ವೇಷ ಧರಿಸಿ, 1687ರಲ್ಲಿ ಜಾಫ್ನಾ ತಲಪಿದರು. ದೈವಶಾಸ್ತ್ರದ ಪಂಡಿತರು ತಮಿಳನ್ನು ಕಲಿಯಲು ಮತ್ತೆ ವಿದ್ಯಾರ್ಥಿಯಾದರು. 1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರರೆಂಬ ಸಂಶಯದಿಂದ ಸೆರೆಯಾದರು. ಬಂಧನದಲ್ಲಿಯೇ ಸಿಂಹಳ ಭಾಷೆಯನ್ನು ಅಭ್ಯಾಸಮಾಡಿದರು. 1697ರಲ್ಲಿ ಸಿಡುಬು ಹರಡಿ, ರೋಗಿಗಳನ್ನು ಸ್ವಂತದವರೇ ತೊರೆದಾಗ, ವಾಜ್ ಅವರು ಮತಭೇದವೆಣಿಸದೆ ಶುಶ್ರೂಷೆ ಮಾಡಿದರು. ದೊರೆ ವಿಮಲಧರ್ಮಸೂರ್ಯನು ಅವರನ್ನು ಗೌರವದಿಂದ ಕಂಡನು. 1711ನೆಯ ಜನವರಿ 16ರಂದು ಕ್ಯಾಂಡಿಯಲ್ಲಿಯೇ ನಿಧನರಾದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಹಿಂದೊಮ್ಮೆ ತಿಪಟೂರಿನ ಮಾರುಕಟ್ಟೆಯ ಬಳಿ ಗೆಳೆಯರೊಡನೆ ಹೋಗುತ್ತಿದ್ದಾಗ, ಕೊಬ್ಬರಿ ಮೂಟೆ ಹೊತ್ತು ಬರುತ್ತಿದ್ದ ನಮ್ಮ ತಂದೆಯವರನ್ನು ಕಂಡೂ ಕಾಣದಂತೆ ಮುಂದೆ ನಡೆದೆ. ಅವರೂ ಕರೆಯಲಿಲ್ಲ. ಅಷ್ಟು ಓದಿದವರು ಕೂಲಿಯ ಬಟ್ಟೆಯನ್ನು ತಾವಾಗಿಯೇ ಉಟ್ಟ ಸಂಗತಿಯನ್ನು ಓದಿದಂದು ನನಗೆ ನಿದ್ದೆ ಬರಲಿಲ್ಲ.

ವಿದ್ಯೆ ನಮ್ಮನ್ನು ನಮ್ಮವರಿಂದ ದೂರ ಮಾಡಿದರೆ ಅದು ಅರ್ಧ ವಿದ್ಯೆ. ನಮ್ಮ ತಂದೆಯವರಿಗೆ ಅಕ್ಷರ ಬಾರದು. ಈ ಸಂಚಿಕೆ ಕೈಗೆ ಬಂದ ದಿನ ಈ ಲೇಖನವನ್ನು ಅವರ ಮುಂದೆ ಕುಳಿತು ನಾನೇ ಓದಿ ಹೇಳುವೆನು.