ಡೈಮ್ಲರ್ ಎಂಜಿನ್‌ನ ಕಥೆ: ನನ್ನ ಒಂದು ಕಥನ ಪಾಠ

ಬೋಧನಾಭ್ಯಾಸದ ಮೂರನೆಯ ವಾರದಲ್ಲಿ ಒಂಬತ್ತನೆಯ ತರಗತಿಗೆ ನಾನು ಗಾಟ್ಲೀಬ್ ಡೈಮ್ಲರ್ ಅವರ ಜೀವನವನ್ನು ಕಥನ ವಿಧಾನದಲ್ಲಿ ಹೇಳಿದೆ. ಕಾರನ್ನು ಕಂಡುಹಿಡಿದವರು ಯಾರು ಎಂಬುದು ಪಾಠಯೋಜನೆಯ ಮುಖ್ಯ ಪ್ರಶ್ನೆಯಾಗಿತ್ತು. ಒಂದು ಹೆಸರು ಹೇಳಿಸಿ ಪಾಠ ಮುಗಿಸುವುದು ನನ್ನ ಲೆಕ್ಕಾಚಾರ.

ಕಥೆಯನ್ನು ಹುಟ್ಟಿನಿಂದಲೇ ಆರಂಭಿಸಿದೆ. ಡೈಮ್ಲರ್ 1834ರಲ್ಲಿ ಜರ್ಮನಿಯ ಶೋರ್ನ್‌ಡಾರ್ಫ್ ಎಂಬ ಊರಿನಲ್ಲಿ ಬೇಕರಿಯವರ ಮಗನಾಗಿ ಹುಟ್ಟಿದರು. ಮೊದಲು ಬಂದೂಕು ತಯಾರಿಸುವ ಕಸುಬು ಕಲಿತು, ಆಮೇಲೆ ಸ್ಟುಟ್‌ಗಾರ್ಟ್‌ನಲ್ಲಿ ಎಂಜಿನಿಯರಿಂಗ್ ಓದಿದರು. ರಾಯ್ಟ್‌ಲಿಂಗೆನ್‌ನ ಒಂದು ಕಾರ್ಖಾನೆಯಲ್ಲಿದ್ದಾಗ, ಅದಕ್ಕೆ ಸೇರಿದ ಅನಾಥಾಲಯದಲ್ಲಿ ಬೆಳೆದ ವಿಲ್ಹೆಲ್ಮ್ ಮೈಬಾಖ್ ಎಂಬ ತರುಣನ ಪರಿಚಯವಾಯಿತು. ಯಂತ್ರಗಳ ನಕ್ಷೆ ಬರೆಯುವುದರಲ್ಲಿ ಆತ ಬಹಳ ಚುರುಕು. ಮುಂದೆ ಡೈಮ್ಲರ್ ಹೋದಲ್ಲೆಲ್ಲ ಮೈಬಾಖ್ ಜೊತೆಗಿದ್ದರು.

1872ರಲ್ಲಿ ಇಬ್ಬರೂ ನಿಕೊಲಾಸ್ ಒಟ್ಟೊ ಅವರ ಡಾಯ್ಟ್ಸ್ ಕಾರ್ಖಾನೆ ಸೇರಿದರು. 1876ರಲ್ಲಿ ಅಲ್ಲಿ ಒಟ್ಟೊ ಅವರ ನಾಲ್ಕು ಹೊಡೆತದ ಎಂಜಿನ್ ಸಿದ್ಧವಾಯಿತು: ಇಂಧನ ಹೀರುವುದು, ಒತ್ತುವುದು, ಉರಿಸುವುದು, ಹೊಗೆ ಹೊರಹಾಕುವುದು. ಆದರೆ ಅದು ಅನಿಲದಿಂದ ನಡೆಯುವ, ಒಂದೇ ಕಡೆ ನೆಲೆನಿಲ್ಲುವ ಭಾರವಾದ ಯಂತ್ರ. ಅದನ್ನು ಹಗುರಗೊಳಿಸಿ ಬಂಡಿಗೆ ಕೂರಿಸುವುದು ಡೈಮ್ಲರ್ ಅವರ ಹಂಬಲ. 1882ರಲ್ಲಿ ಅವರು ಆ ಕೆಲಸ ಬಿಟ್ಟು, ಕಾನ್‌ಷ್ಟಾಟ್‌ನ ತಮ್ಮ ಮನೆಯ ಗಾಜಿನ ಸಸ್ಯಗೃಹವನ್ನೇ ಕಾರ್ಯಾಗಾರ ಮಾಡಿಕೊಂಡರು. ಒಳಗೆ ಖೋಟಾ ನಾಣ್ಯ ತಯಾರಾಗುತ್ತಿದೆಯೆಂಬ ಅನುಮಾನದಿಂದ ಪೊಲೀಸರು ಬಂದರೆಂಬ ಕಥೆ ಹೇಳಿದಾಗ ಮಕ್ಕಳು ನಕ್ಕರು. ನಿಮಿಷಕ್ಕೆ ಸುಮಾರು 600 ಸುತ್ತು ತಿರುಗುವ ಅವರ ಪುಟ್ಟ ಎಂಜಿನ್ 1885ರಲ್ಲಿ ಮರದ ದ್ವಿಚಕ್ರ ವಾಹನವನ್ನೂ 1886ರಲ್ಲಿ ಕುದುರೆಯಿಲ್ಲದ ಸಾರೋಟನ್ನೂ ಓಡಿಸಿತು. ಅದೇ ವರ್ಷ ಮ್ಯಾನ್‌ಹೈಮ್‌ನಲ್ಲಿ ಕಾರ್ಲ್ ಬೆಂಜ್ ಬೇರೆಯಾಗಿಯೇ ತಮ್ಮ ಕಾರಿಗೆ ಪೇಟೆಂಟ್ ಪಡೆದಿದ್ದರು.

ಮುಂದಿನ ಭಾಗವನ್ನು ಬೇಗ ಮುಗಿಸುವ ಉದ್ದೇಶವಿತ್ತು. ಡೈಮ್ಲರ್ ಎಂಜಿನ್‌ನ ಫ್ರಾನ್ಸ್ ಪರವಾನಗಿಯ ಕೆಲಸ ನೋಡುತ್ತಿದ್ದ ಎಡ್ವರ್ಡ್ ಸರಾಜಾನ್ 1887ರಲ್ಲಿ ತೀರಿಕೊಂಡರು. ಅವರ ಪತ್ನಿ ಲೂಯಿಸ್ ಆ ವ್ಯವಹಾರವನ್ನು ಕೈಬಿಡದೆ ಮುಂದುವರಿಸಿದರು. ಅವರ ಮೂಲಕ ಎಂಜಿನ್ ತಯಾರಿಸುವ ಹಕ್ಕು ಪನಾರ್ ಮತ್ತು ಲೆವಾಸರ್ ಕಂಪನಿಗೆ ದೊರೆಯಿತು. ಆ ಕಂಪನಿ ಪ್ಯೂಜೋಗೂ ಎಂಜಿನ್ ಒದಗಿಸಿತು. 1894ರಲ್ಲಿ ಪ್ಯಾರಿಸ್‌ನಿಂದ ರೂಆನ್‌ಗೆ ನಡೆದ ಸ್ಪರ್ಧೆಯ ಮೊದಲ ಬಹುಮಾನವನ್ನು ಪನಾರ್ ಮತ್ತು ಪ್ಯೂಜೋ ಕಂಪನಿಗಳು ಹಂಚಿಕೊಂಡವು.

ಆಗ ಮೂರನೆಯ ಬೆಂಚಿನ ಹುಡುಗಿ ಎದ್ದು ನಿಂತಳು. ಎರಡು ಕಾರಿನಲ್ಲೂ ಇದ್ದದ್ದು ಒಂದೇ ಮೂಲದ ಎಂಜಿನ್ ಆದರೆ, ಬಹುಮಾನ ನಿಜವಾಗಿ ಯಾರಿಗೆ ಸೇರಬೇಕು ಎಂದು ಕೇಳಿದಳು. ಡೈಮ್ಲರ್ ಅವರಿಗೆ ಎಂದೆ. ಹಾಗಾದರೆ ಒಟ್ಟೊ, ಮೈಬಾಖ್ ಇಬ್ಬರೂ ಏನಾದರು ಎಂದು ಮತ್ತೆ ಕೇಳಿದಳು. ನಾನು ಸುಮ್ಮನಾದೆ. ನನ್ನ ಫಲಕದಲ್ಲಿ ಮೈಬಾಖ್ ಹೆಸರೇ ಇರಲಿಲ್ಲ.

ಆ ಸ್ಪರ್ಧೆಯ ಹೊತ್ತಿಗೆ ಪಾಲುದಾರರ ಜೊತೆಗಿನ ಜಗಳದಿಂದ ಡೈಮ್ಲರ್ ತಮ್ಮ ಹೆಸರಿನ ಕಂಪನಿಯಿಂದಲೇ ದೂರವಾಗಿದ್ದರು. ಇಂಗ್ಲೆಂಡಿಗೆ ಪರವಾನಗಿ ಕೊಳ್ಳಬೇಕೆಂದಿದ್ದ ಫ್ರೆಡರಿಕ್ ಸಿಮ್ಸ್, ಡೈಮ್ಲರ್ ಮರಳಬೇಕೆಂದು ಷರತ್ತು ಹಾಕಿದರು. 1895ರಲ್ಲಿ ಅವರು ಮರಳಿದರು. ಮರುವರ್ಷ ಇಂಗ್ಲೆಂಡಿನಲ್ಲೂ ಡೈಮ್ಲರ್ ಹೆಸರಿನ ಕಂಪನಿ ಆರಂಭವಾಯಿತು. 1900ರ ಮಾರ್ಚ್ 6ರಂದು ಅವರು ತೀರಿಕೊಂಡರು.

ವೀಕ್ಷಣೆಗೆ ಕುಳಿತಿದ್ದ ಉಪನ್ಯಾಸಕರು ನನ್ನನ್ನು ಗದರಲಿಲ್ಲ. ಹುಡುಗಿಯ ಪ್ರಶ್ನೆಯಿಂದಲೇ ಮರುಪಾಠ ಆರಂಭಿಸಲು ಹೇಳಿದರು. ಮರುದಿನ ಕಪ್ಪುಹಲಗೆಯ ಮೇಲೆ ಒಂದು ಮರ ಬರೆದೆ. ಬೇರಿನಲ್ಲಿ ಒಟ್ಟೊ, ಕಾಂಡದಲ್ಲಿ ಡೈಮ್ಲರ್ ಮತ್ತು ಮೈಬಾಖ್. ಕೊಂಬೆಗಳನ್ನು ಮಕ್ಕಳೇ ತುಂಬಿದರು. ಬೆಂಜ್ ಅವರನ್ನು ಪಕ್ಕದಲ್ಲಿ ಬೇರೆ ಗಿಡವಾಗಿ ಬರೆಯಬೇಕೆಂದು ಹೇಳಿದ್ದೂ ಆ ಹುಡುಗಿಯೇ. ಪಾಠಯೋಜನೆಯ ಮುಖ್ಯ ಪ್ರಶ್ನೆಯನ್ನು ಹೊಡೆದುಹಾಕಿ, ಈ ಎಂಜಿನ್ ಯಾರ ಯಾರ ಕೈ ದಾಟಿ ಬಂತು ಎಂದು ಬರೆದುಕೊಂಡಿದ್ದೇನೆ.