ಸ್ನಾಯುಗಳಿಗೆ ವಿರಾಮ ಕೊಟ್ಟ ಡೇನಿಯಲ್ ಬೊವೆ

ಸಣ್ಣ ಶಸ್ತ್ರಚಿಕಿತ್ಸೆಯೊಂದು ಸುಸೂತ್ರವಾಗಿ ಮುಗಿದ ಮರುದಿನ ಕೆಲವು ರೋಗಿಗಳಿಗೆ ಕತ್ತು, ಭುಜ, ಬೆನ್ನುಗಳಲ್ಲಿ ತೀವ್ರ ನೋವು ಕಾಣಿಸಿಕೊಳ್ಳುವುದುಂಟು. ಅಭ್ಯಾಸವಿಲ್ಲದವರು ಒಮ್ಮೆಲೇ ಗರಡಿಮನೆ ಹೊಕ್ಕು ಸಾಮು ಮಾಡಿದರೆ ಮೈಕೈ ನೋಯುವಂತಹ ನೋವು ಅದು. ಕತ್ತರಿ ಆಡಿದ್ದು ಒಂದೆಡೆ, ನೋವು ಮತ್ತೊಂದೆಡೆ. ಇದಕ್ಕೆ ಅನೇಕ ಬಾರಿ ಕಾರಣವಾಗುವುದು ಅರಿವಳಿಕೆಯ ಜೊತೆಗೆ ನೀಡುವ ಸಕ್ಸಿನೈಲ್‌ಕೋಲಿನ್ ಎಂಬ ಸ್ನಾಯು ಸಡಿಲಕ. ಈ ರಾಸಾಯನಿಕಕ್ಕೆ ಸ್ನಾಯುಗಳನ್ನು ಸಡಿಲಿಸುವ ಶಕ್ತಿಯಿದೆ ಎಂಬುದನ್ನು ಕಂಡುಕೊಂಡವರಲ್ಲಿ ಪ್ರಮುಖರು ನೊಬೆಲ್ ಪುರಸ್ಕೃತ ಔಷಧ ವಿಜ್ಞಾನಿ ಡೇನಿಯಲ್ ಬೊವೆ.

ಬೊವೆ ಜನಿಸಿದ್ದು 1907ರ ಮಾರ್ಚ್ 23ರಂದು, ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನಲ್ಲಿ. ತಂದೆ ಪಿಯೆರ್ ಬೊವೆ ಶಿಕ್ಷಣಶಾಸ್ತ್ರದ ಪ್ರಾಧ್ಯಾಪಕರು. ಜಿನೀವಾದಲ್ಲಿ ವ್ಯಾಸಂಗ ಪೂರೈಸಿದ ಬೊವೆ 1929ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯನ್ನು ಸೇರಿದರು. ಪ್ರಾಂಟೊಸಿಲ್ ಎಂಬ ಕೆಂಪು ಬಣ್ಣದ ಔಷಧದಲ್ಲಿ ರೋಗಾಣುಗಳನ್ನು ತಡೆಯುವ ನಿಜವಾದ ಅಂಶ ಸಲ್ಫಾನಿಲಮೈಡ್ ಎಂದು 1935ರಲ್ಲಿ ತೋರಿಸಿಕೊಟ್ಟ ತಂಡದಲ್ಲಿ ಅವರೂ ಇದ್ದರು. 1937ರಲ್ಲಿ ಅಲರ್ಜಿಯನ್ನು ಶಮನಗೊಳಿಸುವ ಆಂಟಿಹಿಸ್ಟಮಿನ್‌ಗಳ ಸಂಶೋಧನೆಗೆ ನಾಂದಿ ಹಾಡಿದರು. ಮರುವರ್ಷ ಅವರ ಕೈಹಿಡಿದ ಫಿಲೊಮಿನಾ ನಿಟ್ಟಿ ಇಟಲಿಯ ಮಾಜಿ ಪ್ರಧಾನಿಯೊಬ್ಬರ ಪುತ್ರಿ, ಪ್ರಯೋಗಾಲಯದಲ್ಲಿಯೂ ಸಹಧರ್ಮಿಣಿ. 1947ರಲ್ಲಿ ದಂಪತಿ ರೋಮ್‌ಗೆ ತೆರಳಿದರು.

ದಕ್ಷಿಣ ಅಮೆರಿಕದ ಬುಡಕಟ್ಟು ಜನ ಬಾಣದ ತುದಿಗೆ ಸವರುತ್ತಿದ್ದ ಕ್ಯುರಾರೆ ವಿಷ 1942ರಲ್ಲಿ ಮಾಂಟ್ರಿಯಲ್‌ನಲ್ಲಿ ಅರಿವಳಿಕೆಯ ಭಾಗವಾಗಿತ್ತು. ಸ್ನಾಯುಗಳು ಸಡಿಲಗೊಂಡರೆ ಶಸ್ತ್ರವೈದ್ಯರ ಕೆಲಸ ಸುಲಭವಾಗುತ್ತದೆ, ಅರಿವಳಿಕೆಯ ಪ್ರಮಾಣವೂ ತಗ್ಗುತ್ತದೆ. ಆದರೆ ಸಸ್ಯಜನ್ಯ ವಿಷ ದುರ್ಲಭ, ಅದರ ಪ್ರಭಾವವೂ ದೀರ್ಘ. ಇದಕ್ಕೆ ಬದಲಿಯನ್ನು ಅರಸಿದ ಬೊವೆ ಮೊದಲು ಗ್ಯಾಲಮಿನ್ ಅನ್ನು ನೀಡಿದರು. 1949ರಲ್ಲಿ ಸಕ್ಸಿನೈಲ್‌ಕೋಲಿನ್‌ನ ಗುಣವನ್ನು ಪ್ರಕಟಿಸಿದರು. ಇದೇ ವಸ್ತುವನ್ನು 1906ರಲ್ಲಿಯೇ ಅಮೆರಿಕದಲ್ಲಿ ಪರೀಕ್ಷಿಸಲಾಗಿತ್ತು. ಆದರೆ ಪ್ರಾಣಿಗಳಿಗೆ ಮೊದಲೇ ಕ್ಯುರಾರೆ ಕೊಟ್ಟಿದ್ದರಿಂದ ಹೊಸ ವಸ್ತುವಿನ ಪರಿಣಾಮ ಯಾರ ಕಣ್ಣಿಗೂ ಬೀಳಲಿಲ್ಲ!

ನರದ ತುದಿಯಿಂದ ಹೊಮ್ಮುವ ಅಸಿಟೈಲ್‌ಕೋಲಿನ್ ಸ್ನಾಯುವಿನ ಬೀಗಕ್ಕೆ ಬೀಗದಕೈ ಇದ್ದಂತೆ. ಕ್ಯುರಾರೆ ಆ ಬೀಗವನ್ನು ಸುಮ್ಮನೆ ಮುಚ್ಚಿಬಿಡುತ್ತದೆ. ಎರಡು ಅಸಿಟೈಲ್‌ಕೋಲಿನ್ ಕಣಗಳು ಬೆಸೆದಂತಿರುವ ಸಕ್ಸಿನೈಲ್‌ಕೋಲಿನ್ ಹಾಗಲ್ಲ. ಅದು ಮೊದಲು ಬೀಗ ತಿರುಗಿಸಿ, ಮೈಯೆಲ್ಲ ಸ್ನಾಯುಗಳನ್ನು ಅದುರಿಸಿ, ಬಳಿಕ ನಿಶ್ಚಲಗೊಳಿಸುತ್ತದೆ. ಸುಮಾರು ಒಂದೇ ನಿಮಿಷದಲ್ಲಿ ಫಲ ಕೊಟ್ಟು, ಕೆಲವೇ ನಿಮಿಷಗಳಲ್ಲಿ ರಕ್ತದ ಕಿಣ್ವದಿಂದ ವಿಭಜನೆಗೊಳ್ಳುತ್ತದೆ. ಶ್ವಾಸನಾಳಕ್ಕೆ ತುರ್ತಾಗಿ ಕೊಳವೆ ಇಳಿಸಬೇಕಾದಾಗ ಈ ವೇಗವೇ ಪ್ರಾಣರಕ್ಷಕ.

ಆ ವರದ ಬೆನ್ನಿಗೇ ಬಂದದ್ದು ನೋವು. 1951ರಲ್ಲಿ ಯುರೋಪಿನ ಆಸ್ಪತ್ರೆಗಳಲ್ಲಿ ಬಳಕೆಗೆ ಬಂದ ಈ ಮದ್ದಿನ ಸ್ನಾಯುನೋವಿನ ಬಗ್ಗೆ 1954ರಲ್ಲಿ ಬ್ರಿಟನ್ನಿನ ವೈದ್ಯರು ವಿವರವಾಗಿ ಬರೆದರು. ಚಿಕಿತ್ಸೆಯ ಬಳಿಕ ಬೇಗ ಎದ್ದು ಓಡಾಡುವವರಲ್ಲಿ ಅದು ಹೆಚ್ಚು. ಆರಂಭದ ಅದುರುವಿಕೆಗೂ ನೋವಿಗೂ ಸಂಬಂಧವಿದ್ದರೂ, ಹೆಚ್ಚು ಅದುರಿದವರಿಗೇ ಹೆಚ್ಚು ನೋವು ಎಂಬ ಲೆಕ್ಕ ತಾಳೆಯಾಗುವುದಿಲ್ಲ.

1957ರ ವೈದ್ಯಕೀಯ ನೊಬೆಲ್ ಪಾರಿತೋಷಕ ಬೊವೆ ಅವರೊಬ್ಬರಿಗೇ ಸಂದಿತು. ಬಳಿಕ ಸಾರ್ಡಿನಿಯಾ ದ್ವೀಪದ ಸಸ್ಸಾರಿಯಲ್ಲಿಯೂ ಕೊನೆಗೆ ರೋಮ್‌ನಲ್ಲಿಯೂ ಪ್ರಾಧ್ಯಾಪಕರಾಗಿದ್ದ ಅವರು, ಮಿದುಳು ಮತ್ತು ವರ್ತನೆಯ ಅಧ್ಯಯನದಲ್ಲಿ ತೊಡಗಿದರು. 1992ರ ಏಪ್ರಿಲ್ 8ರಂದು ರೋಮ್‌ನಲ್ಲಿ ನಿಧನರಾದರು.

ಇಂದು ರೊಕ್ಯುರೋನಿಯಂನಂತಹ ಪರ್ಯಾಯಗಳಿವೆ. ಆದರೂ ತುರ್ತು ಸಂದರ್ಭಗಳಲ್ಲಿ ಸಕ್ಸಿನೈಲ್‌ಕೋಲಿನ್ ಉಳಿದುಕೊಂಡಿದೆ. ನೋವು ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹಾಗೆಂದು ಅದನ್ನು ಮುಚ್ಚಿಡಬೇಕಿಲ್ಲ. ಹಿಂದಿನ ಶಸ್ತ್ರಚಿಕಿತ್ಸೆಯಲ್ಲಿ ಇಂತಹ ನೋವು ಕಾಡಿದ್ದರೆ, ಅಥವಾ ಮನೆತನದಲ್ಲಿ ಯಾರಿಗಾದರೂ ಅರಿವಳಿಕೆಯಿಂದ ತೊಂದರೆಯಾಗಿದ್ದರೆ, ಅರಿವಳಿಕೆ ತಜ್ಞರಿಗೆ ಮುಂಚಿತವಾಗಿಯೇ ತಿಳಿಸುವುದು ಕ್ಷೇಮ. ಯಾವ ಮದ್ದನ್ನು ಆರಿಸಬೇಕೆಂದು ತೀರ್ಮಾನಿಸಲು ಆ ಒಂದು ಮಾತು ಅವರಿಗೆ ನೆರವಾಗುತ್ತದೆ.